ಕಿರುಚಿದರೆ ಯಾರೂ ಹೆದರಲ್ಲ: ಮುಖವಾಡದ ಹೀರೋಗೆ ಡ್ರೆಸ್, ದನಿ ಮಾಡುವ ಬಗೆ

ಕತ್ತಲ ಓಣಿ. ಹೊಗೆ. ಹಿಂದಿನಿಂದ ಒಂದು ಲೈಟು. ರೌಡಿ ಗೋಡೆಗೆ ಒರಗಿ ನಡುಗುತ್ತಿದ್ದಾನೆ. ಮುಖವಾಡದ ಹೀರೋ ಎದುರಿಗೆ ಬಂದು ಗಂಟಲು ಹರಿದುಕೊಂಡು ಹೇಳಿದ: 'ಈ ಏರಿಯಾ ಬಿಟ್ಟು ಹೋಗೂಊಊ.' ಹಾಲ್‌ನಲ್ಲಿದ್ದ ನಲವತ್ತು ಚಿಲ್ಲರೆ ಜನ ಒಟ್ಟಿಗೆ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಮಗು 'ಅಮ್ಮಾ, ಅಂಕಲ್‌ಗೆ ಕೆಮ್ಮಾ?' ಅಂತ ಕೇಳಿತು.

ಅದು ಕೆಲವು ಹುಡುಗರು ಸೇರಿ ಮಾಡಿದ ಕಿರುಚಿತ್ರ. ಆ ದನಿ ಮಾಡಿಸಿದವನು ನಾನೇ. ಬಸವೇಶ್ವರನಗರದಲ್ಲಿ ಹತ್ತಕ್ಕೆ ಹತ್ತರ ಒಂದು ರೂಮಿನಲ್ಲಿ ಡಬ್ಬಿಂಗ್, ಸೌಂಡ್ ಕೆಲಸ ಮಾಡುತ್ತೇನೆ. ಡ್ರೆಸ್ಸಿನ ಗೀಳು ಹತ್ತಿದ್ದು ಸೋದರಮಾವನಿಂದ. ಬಳೇಪೇಟೆಯಲ್ಲಿ ಅವರದು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಕುರುಕ್ಷೇತ್ರ ನಾಟಕದ ಸೀಸನ್ನಿನಲ್ಲಿ ಕಿರೀಟ, ಗದೆ, ಭುಜಕೀರ್ತಿ ಎಣಿಸಿ ಕೊಡುವುದು, ವಾಪಸ್ ಬಂದಾಗ ಮುರಿದದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಆ ಅನುಭವವಿದ್ದೂ ಕೆಮ್ಮಿನ ಅಂಕಲ್‌ನನ್ನು ತೆರೆ ಮೇಲೆ ತಂದೆ ಅನ್ನಿ. ಅದೇ ಹುಡುಗರ ಜೊತೆ ಆ ಸೀನನ್ನು ಮತ್ತೆ ಮಾಡಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಿರುಚಿತ್ರ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಮಾತು. ಮುಖವಾಡ ಹಾಕಿದ ತಕ್ಷಣ ನಟನ ಹುಬ್ಬು, ಹಣೆ, ಕೆನ್ನೆ ಎಲ್ಲ ಹೋಯಿತು. ಅವು ಮಾಡುತ್ತಿದ್ದ ಕೆಲಸವೆಲ್ಲ ಕತ್ತು, ದವಡೆ, ಉಸಿರಿನ ತಲೆಗೆ ಬೀಳುತ್ತದೆ. ಆದರೆ ಡ್ರೆಸ್ ಮಾಡುವವರು ಕತ್ತನ್ನು ಕಟ್ಟಿ ಹಾಕಿಬಿಡುತ್ತಾರೆ. ನಮ್ಮಂಥ ಸೌಂಡಿನವರು ಉಸಿರನ್ನು 'ನಾಯ್ಸು' ಅಂತ ಅಳಿಸಿಬಿಡುತ್ತೇವೆ. ಆಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಅದಕ್ಕೇ ಡ್ರೆಸ್ಸಿನವರು, ಸೌಂಡಿನವರು ಮೊದಲ ದಿನವೇ ಒಂದೇ ಟೇಬಲ್ಲಿಗೆ ಕೂತು ಕಾಫಿ ಕುಡಿಯಬೇಕು.

ಕತ್ತಿನಿಂದ ಶುರು ಮಾಡಿ

1989ರ ಬ್ಯಾಟ್‌ಮ್ಯಾನ್ ಚಿತ್ರದಲ್ಲಿ ಮೈಕಲ್ ಕೀಟನ್ ಹಾಕಿದ್ದ ರಬ್ಬರ್ ಮುಖವಾಡದಲ್ಲಿ ಕತ್ತು ತಿರುಗುತ್ತಿರಲಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಕೀಟನ್ ಅದನ್ನೇ ಒಂದು ಶೈಲಿ ಮಾಡಿಕೊಂಡರು. ಬುರುಜು ತಿರುಗಿದ ಹಾಗೆ ನಿಧಾನಕ್ಕೆ ತಿರುಗುವ ಆ ಗತ್ತು ಜನಕ್ಕೆ ಹಿಡಿಸಿತು. 2008ರ ದಿ ಡಾರ್ಕ್ ನೈಟ್‌ಗೆ ಬರುವ ಹೊತ್ತಿಗೆ ತಲೆಯ ಭಾಗ ಬೇರೆ, ಕತ್ತಿನ ಭಾಗ ಬೇರೆ ಮಾಡಿ, ಹೆಲ್ಮೆಟ್ ಥರ ತಲೆ ತಿರುಗುವ ಹಾಗೆ ಮಾಡಿದರು. ಕತೆಯ ಒಳಗೂ ಹೀರೋ ಅದನ್ನೇ ಕೇಳಿ ಮಾಡಿಸಿಕೊಳ್ಳುತ್ತಾನೆ.

ನಮ್ಮ ಬಜೆಟ್ಟಿಗೂ ಆ ಎರಡನೇ ದಾರಿಯೇ ಸರಿ. ತಲೆಗೆ ಗಟ್ಟಿ ಟೊಪ್ಪಿಗೆ, ಕತ್ತಿಗೆ ಹಿಗ್ಗುವ ಕಪ್ಪು ಬನಿಯನ್ ಬಟ್ಟೆ. ನಡುವೆ ಎರಡು ಬೆರಳಿನಷ್ಟು ಒಂದರ ಮೇಲೊಂದು ಬರಲಿ.

ಅಳತೆ ತೆಗೆಯುವುದು ಸುಲಭ. ಅಡುಗೆಮನೆಯಲ್ಲಿ ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅದನ್ನು ನಟನ ತಲೆಗೆ ಸುತ್ತಿ. ಮೂಗು, ಬಾಯಿ ಪೂರ್ತಿ ತೆರೆದಿರಲಿ, ಇದರಲ್ಲಿ ತಮಾಷೆ ಬೇಡ. ಅದರ ಮೇಲೆ ಅಗಲವಾದ ಟೇಪು ಅಂಟಿಸಿ. ಮಾರ್ಕರಿನಲ್ಲಿ ಹುಬ್ಬು, ಮೂಗು, ಕೆನ್ನೆಯ ಗೆರೆ ಬರೆದುಕೊಳ್ಳಿ. ಹಿಂದುಗಡೆಯಿಂದ ತುದಿ ಮೊಂಡಾದ ಕತ್ತರಿಯಲ್ಲಿ ಕತ್ತರಿಸಿ ತೆಗೆದರೆ ತಲೆಯ ಚಿಪ್ಪು ಕೈಗೆ ಬಂತು. ಗೆರೆಗಳ ಮೇಲೆ ತುಂಡು ಮಾಡಿ ಹರಡಿದರೆ ಅದೇ ನಿಮ್ಮ ಪ್ಯಾಟರ್ನು.

ಮುಖವಾಡಕ್ಕೆ 5 ಎಂಎಂ ಇವಿಎ ಫೋಮ್ ಶೀಟು ಸಾಕು. ಮಕ್ಕಳು ಆಡುವ ಪಜಲ್ ಮ್ಯಾಟ್ ಇರುತ್ತದಲ್ಲ, ಅದೇ ಜಾತಿ. ಬಿಸಿ ಗಾಳಿ ಊದುವ ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಮೊಣಕಾಲ ಮೇಲೆ ಒತ್ತಿದರೆ ಬೇಕಾದ ಹಾಗೆ ಬಾಗುತ್ತದೆ. ಅಂಟಿಸಲು ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಗಮ್ಮು. ಎರಡೂ ಕಡೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟುವುದು ನಿಂತ ಮೇಲೆ ಒತ್ತಿ. ಆತುರಪಟ್ಟರೆ ಶೂಟಿಂಗ್ ನಡುವೆ ಮೂಗು ಬಿಚ್ಚಿಕೊಳ್ಳುತ್ತದೆ. ನಮ್ಮದು ಬಿಚ್ಚಿಕೊಂಡಿತ್ತು. ಕಿಟಕಿ ತೆರೆದಿಡಿ, ಆ ವಾಸನೆ ತಲೆಗೆ ಏರುತ್ತದೆ. ಬಣ್ಣ ಹೊಡೆಯುವ ಮುಂಚೆ ನೀರು ಬೆರೆಸಿದ ಫೆವಿಕಾಲ್ ಮೂರು ನಾಲ್ಕು ಸಲ ಬಳಿದು ಒಣಗಿಸಿ. ಇಲ್ಲವಾದರೆ ಫೋಮು ಬಣ್ಣವನ್ನು ಕುಡಿಯುತ್ತಲೇ ಇರುತ್ತದೆ.

ಹುಬ್ಬಿನ ಜಾಗಕ್ಕೆ 10 ಎಂಎಂ ಫೋಮಿನ ಇನ್ನೊಂದು ಪಟ್ಟಿ ಅಂಟಿಸಿ ಮುಂದಕ್ಕೆ ಚಾಚಿಸಿ. ಮೇಲಿನಿಂದ ಲೈಟು ಬಿದ್ದಾಗ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ. ಇಡೀ ಮುಖವಾಡದಲ್ಲಿ ದುಡ್ಡು ಕೇಳದೆ ಹೆದರಿಸುವ ಭಾಗ ಇದೊಂದೇ. ಕಣ್ಣಿನ ಸುತ್ತ ಕಾಡಿಗೆಯನ್ನು ಧಾರಾಳವಾಗಿ ಬಳಿಯಿರಿ. ಚರ್ಮದ ಬಿಳಿ ಅಂಚು ಒಂದೆಳೆ ಕಂಡರೂ 'ಓ, ಒಳಗೆ ಯಾರೋ ಹುಡುಗ ಇದ್ದಾನೆ' ಅಂತ ಗೊತ್ತಾಗಿಬಿಡುತ್ತದೆ.

ಕೆನ್ನೆಯ ಅಂಚು ಮೂಳೆಗೆ ಅಂಟಿದ ಹಾಗೆ ಕೂರಬೇಕು. ಸ್ವಲ್ಪ ಬಿಗಿಯಾಗಿ ಕೆನ್ನೆ ಉಬ್ಬಿದರೆ ಮುಗೀತು, ಮಂಕಿ ಕ್ಯಾಪು. ಡಿಸೆಂಬರ್ ಬೆಳಗ್ಗೆ ಲಾಲ್‌ಬಾಗಿಗೆ ವಾಕಿಂಗ್ ಬರುವ ತಾತಂದಿರದ್ದೂ ಅದೇ ವೇಷ. ಅವರನ್ನು ಕಂಡು ಯಾರು ಹೆದರುತ್ತಾರೆ?

ಭುಜ, ಮತ್ತೆ ಕಂಬಳಿ

ಸಣಕಲು ದುರ್ಯೋಧನರು ಅಂಗಡಿಗೆ ಬಹಳ ಬರುತ್ತಿದ್ದರು. ಬ್ಯಾಂಕಿನವರು, ಮೇಷ್ಟ್ರುಗಳು. ಮಾವ ಅವರ ಹೊಟ್ಟೆಗೆ ಬಟ್ಟೆ ತುರುಕುತ್ತಿರಲಿಲ್ಲ. ಒಂದು ಸೈಜು ದೊಡ್ಡ ಭುಜಕೀರ್ತಿ ಕಟ್ಟಿ, ಸೊಂಟದ ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡುತ್ತಿದ್ದರು. ರವೀಂದ್ರ ಕಲಾಕ್ಷೇತ್ರದ ಕೊನೇ ಸಾಲಿನಿಂದ ನೋಡಿದರೆ ಆ ಗುಮಾಸ್ತರು ನಿಜವಾಗಿ ಕೌರವೇಶ್ವರನೇ. ಸೂಪರ್‌ಹೀರೋಗೂ ಅದೇ ಲೆಕ್ಕ. ಎದೆಗೆ ಸಿಕ್ಸ್ ಪ್ಯಾಕ್ ಕೊರೆಯಲು ಒಂದು ವಾರ ಹಾಳು ಮಾಡಬೇಡಿ, ಕತ್ತಲಲ್ಲಿ ಅದು ಕಾಣುವುದೇ ಇಲ್ಲ. ಭುಜ ಎರಡೂ ಕಡೆ ಎರಡೆರಡು ಇಂಚು ಜಾಸ್ತಿ ಮಾಡಿ, ಸೊಂಟ ಹಿಡಿಯಿರಿ.

ಪರೀಕ್ಷೆ ಮಾಡಲು ಒಂದು ಬಿಳಿ ಪಂಚೆ ಕಟ್ಟಿ, ಹಿಂದೆ ಮೊಬೈಲ್ ಟಾರ್ಚು ಹಾಕಿ, ನಡುವೆ ನಟನನ್ನು ನಿಲ್ಲಿಸಿ. ಪಂಚೆಯ ಈಚೆ ಕಡೆ ಬರೀ ನೆರಳು. ಆ ನೆರಳು ನೋಡಿಯೇ ಇವನು ಯಾರೋ ಬೇರೆ ಅನ್ನಿಸಬೇಕು. ಅನ್ನಿಸದಿದ್ದರೆ ಮುಖವಾಡದ ಮೇಲೆ ಎಷ್ಟು ಗೆರೆ ಕೊರೆದರೂ ದಂಡ.

ಇನ್ನು ಬಟ್ಟೆ. ನಿರ್ದೇಶಕ ಹುಡುಗ ಚಿಕ್ಕಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕಪ್ಪು ಸ್ಯಾಟಿನ್ ತಂದಿದ್ದ. ಮೊದಲ ಸಲ ನಕ್ಕಿದ್ದಕ್ಕೆ ಅರ್ಧ ಕಾರಣ ಆ ಸ್ಯಾಟಿನ್ ಮೇಲಂಗಿ. ಫ್ಯಾನಿನ ಗಾಳಿಗೆ ಪಟಪಟ ಅಂದು, ಲೈಟಿಗೆ ಮಿಂಚಿ, ಮದುವೆ ಮನೆಯ ಕುರ್ಚಿ ಕವರಿನ ಹಾಗೆ ಕಂಡಿತ್ತು. ಎರಡನೇ ಸಲ ಅವನನ್ನು ಮಾವನ ಹತ್ತಿರ ಕರೆದುಕೊಂಡು ಹೋದೆ. ಅಂಗಡಿ ಮುಚ್ಚಿ ವರ್ಷಗಳಾಗಿವೆ. ಆದರೂ ಸಾಮಾನೆಲ್ಲ ಅಲ್ಲೇ ಅಟ್ಟದ ಮೇಲಿದೆ. ಮಾವ ಹುಡುಗನ ಮಾತು ಪೂರ್ತಿ ಕೇಳಿದರು. ಏಣಿ ಹಾಕಿ ಅಟ್ಟದಿಂದ ಒಂದು ಹಳೇ ಕರೀ ಕಂಬಳಿ ಎಳೆದರು. ಧೂಳು ಕೊಡವಿ, ಮಳೆಗಾಲದಲ್ಲಿ ಹೊಲಕ್ಕೆ ಹೋಗುವವರು ಹಾಕಿಕೊಳ್ಳುವ ಹಾಗೆ ಕೊಪ್ಪೆ ಮಾಡಿ ಅವನ ತಲೆ ಮೇಲೆ ಹಾಕಿದರು. 'ಹೋಗಪ್ಪಾ, ಬಾಗಿಲಲ್ಲಿ ನಿಂತ್ಕೋ. ಅಲ್ಲಾಡಬೇಡ' ಅಂದು ಟ್ಯೂಬ್‌ಲೈಟ್ ಆರಿಸಿದರು.

ಹಿಂದೆ ಬೀದಿ ದೀಪ. ಮುಂದೆ ಬಾಗಿಲ ತುಂಬ ಒಂದು ಕಪ್ಪು. ಅಂಚು ಮಾತ್ರ ಉಣ್ಣೆಯ ಎಳೆಎಳೆಯಾಗಿ ಕಾಣುತ್ತಿತ್ತು, ಒಳಗೆ ಏನೂ ಇಲ್ಲ. ಅವನ ಜೊತೆ ಹತ್ತು ನಿಮಿಷದ ಹಿಂದೆ ಬೈಟು ಟೀ ಕುಡಿದವನು ನಾನು. ಆದರೂ ಹೊಟ್ಟೆಯಲ್ಲಿ ಒಂಥರಾ ಆಯಿತು. ಬೀದಿಯಲ್ಲಿ ಹೋಗುತ್ತಿದ್ದ ಆಟೋದವರು ಬ್ರೇಕು ಹಾಕಿ, ನೋಡಿ, ಏನೂ ಕೇಳದೆ ಹೊರಟುಹೋದರು.

ಕಾರಣ ಸರಳ. ಉಣ್ಣೆ ಬೆಳಕನ್ನು ಕುಡಿಯುತ್ತದೆ, ಸ್ಯಾಟಿನ್ ಬೆಳಕನ್ನು ವಾಪಸ್ ಕೊಡುತ್ತದೆ. ಕಂಬಳಿಗೆ ತೂಕವಿದೆ, ನಟ ನಿಂತ ಮೇಲೂ ಅದು ಒಂದು ಕ್ಷಣ ತಡವಾಗಿ ನಿಲ್ಲುತ್ತದೆ. ಕಂಬಳಿ ಸಿಗದಿದ್ದರೆ ದಪ್ಪ ವೆಲ್ವೆಟ್ ತಗೊಂಡು ಒಳಬದಿಯನ್ನು ಹೊರಗೆ ಮಾಡಿ ಹೊಲಿಸಿ, ಅಂಚಿನ ಮಡಿಕೆಯೊಳಗೆ ಬಟ್ಟೆ ಸುತ್ತಿದ ಸೈಕಲ್ ಚೈನು ಹಾಕಿ. ಬಟ್ಟೆ ಸುತ್ತದಿದ್ದರೆ ಗಿಲಿಗಿಲಿ ಅನ್ನುತ್ತದೆ. ಭುಜಕ್ಕೆ ಹೊಲಿಯಬೇಡಿ, ವೆಲ್‌ಕ್ರೋ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಕಳಚಿಕೊಳ್ಳಬೇಕು, ನಟನ ಕತ್ತು ಹಿಸುಕಬಾರದು.

ಮೈಯೆಲ್ಲ ಒಂದೇ ಕಪ್ಪು ಬೇಡ. ರಾತ್ರಿ ಸೀನಿನಲ್ಲಿ ಕಪ್ಪಿನ ಮೇಲೆ ಕಪ್ಪು ಅಂದರೆ ಏನೂ ಇಲ್ಲ ಅಂತಲೇ ಅರ್ಥ. ಕಂಬಳಿ ಮಂಕಾಗಿರಲಿ, ಭುಜ ಸ್ವಲ್ಪ ಹೊಳೆಯಲಿ, ಬೂಟು ಒದ್ದೆಯಾದ ಹಾಗೆ ಮಿಂಚಲಿ. ಭುಜಕ್ಕೆ ಬೇಕಾದ ರೆಕ್ಸಿನ್ ಜೆ.ಸಿ. ರಸ್ತೆಯಲ್ಲಿ ಗಾಡಿ ಸೀಟ್ ಕವರ್ ಮಾಡುವವರ ಹತ್ತಿರ ತುಂಡು ಲೆಕ್ಕದಲ್ಲಿ ಸಿಗುತ್ತದೆ. ಆದರೆ ರೆಕ್ಸಿನ್ ಕಂಕುಳಲ್ಲಿ ಕಿರ್ ಅನ್ನುತ್ತದೆ. ಅತಿ ಗಂಭೀರ ಮೌನದಲ್ಲಿ ಆ ಒಂದು ಕಿರ್ ಸಾಕು, ಮಾನ ಹೋಗಲು. ಪೌಡರ್ ಹಾಕಿ, ಒಳಗೆ ಹತ್ತಿಯ ಲೈನಿಂಗ್ ಕೊಡಿಸಿ.

ದನಿ

ಈಗ ನನ್ನ ಹೊಲಕ್ಕೆ ಬಂದೆ.

ಕೂಗಿದರೆ ದನಿ ದಪ್ಪಗಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ಜೋರಾಗಿ ಕೂಗಿದಷ್ಟೂ ಶ್ರುತಿ ಮೇಲೆ ಹೋಗುತ್ತದೆ. ಗಂಡಸರ ಮಾಮೂಲಿ ಮಾತು ಸುಮಾರು 85ರಿಂದ 180 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಒಳಗಿರುತ್ತದೆ. ಕೂಗಾಡುವಾಗ ಅದನ್ನು ದಾಟಿ ಮೇಲೆ ಹೋಗಿ ತೆಳ್ಳಗಾಗುತ್ತದೆ. ಅದನ್ನು ಮುಚ್ಚಲು ಗಂಟಲು ಕೆರೆದರೆ ಕೆಮ್ಮಿನ ಅಂಕಲ್ ಹುಟ್ಟುತ್ತಾನೆ. ಮೇಲಾಗಿ ನಟನ ಗಂಟಲು ಮೂರನೇ ಟೇಕಿಗೆ ಕೆಡುತ್ತದೆ. ನೋವು ಶುರುವಾದರೆ ನಿಲ್ಲಿಸಿ, ಬಿಸಿನೀರು ಕೊಡಿ, ಅವತ್ತಿಗೆ ಪ್ಯಾಕಪ್ ಮಾಡಿ.

ನಟನಿಗೆ ನಾನು ಹೇಳುವುದು ಇಷ್ಟು: ಎದುರಿಗಿರುವವನ ಪಕ್ಕದಲ್ಲಿ ಒಂದು ಮಗು ಮಲಗಿದೆ ಅಂದುಕೋ. ಅದು ಏಳಬಾರದು, ಆದರೆ ನಿನ್ನ ಮಾತು ಇವನಿಗೆ ತಲುಪಬೇಕು. ಆಗ ದನಿ ತಾನಾಗೇ ಕೆಳಗಿಳಿಯುತ್ತದೆ, ಮಾತಿನ ನಡುವೆ ಜಾಗ ಬೀಳುತ್ತದೆ.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ತೊಡಕಿದೆ. ನಾನು ಇದನ್ನು ಕಲಿತದ್ದು ಆ 'ಹೋಗೂಊ' ಇಂದಲೇ. ನಮ್ಮ ಮಾತೆಲ್ಲ ಸ್ವರದಲ್ಲಿ ಮುಗಿಯುತ್ತದೆ. ಹೋಗು, ಬಿಡು, ನಿಲ್ಲು, ಬೇಡ, ಯಾರು. ಇಂಗ್ಲಿಷಿನ ಹೀರೋ ಬಹಳ ಸಲ ವ್ಯಂಜನದಲ್ಲಿ ಟಕ್ ಅಂತ ಬಾಗಿಲು ಹಾಕುತ್ತಾನೆ. ನಮ್ಮ ಬಾಗಿಲು ಅರ್ಧ ತೆರೆದೇ ಇರುತ್ತದೆ. ಅಲ್ಲಿ ನಟ ಗುರುಗುಟ್ಟಲು ಹೋದರೆ ಗುರುಗುಡುವುದಕ್ಕೆ ಸಿಗುವುದು ಆ ಕೊನೆಯ ಸ್ವರ ಒಂದೇ. ಎಳೆಯುತ್ತಾನೆ. ಎಳೆದರೆ ದನ ಕೂಗಿದ ಹಾಗೆ ಕೇಳುತ್ತದೆ.

ಇದಕ್ಕೆ ಮದ್ದು ಡೈಲಾಗ್ ಬರೆಯುವಾಗಲೇ ಇದೆ. ಒತ್ತಕ್ಷರ ಇರುವ ಪದ ಹುಡುಕಿ. 'ಗೊತ್ತು' ಅಂತ ಒಮ್ಮೆ ನಿಧಾನಕ್ಕೆ ಹೇಳಿ ನೋಡಿ. 'ಗೊ' ಆದ ಮೇಲೆ ನಾಲಿಗೆ ಹಲ್ಲಿಗೆ ತಾಗಿ ಒಂದು ಗಳಿಗೆ ಎಲ್ಲ ನಿಲ್ಲುತ್ತದೆ, ಆಮೇಲೆ 'ತು' ಬಿಡುಗಡೆಯಾಗುತ್ತದೆ. ಆ ನಿಂತ ಗಳಿಗೆಯನ್ನು ಸ್ವಲ್ಪ ಹಿಡಿದುಕೊಳ್ಳಲು ಹೇಳಿ. ಕೊನೆಯ ಉಕಾರ ಸುಮ್ನೆ ತಾಗಿ ಹೋಗಲಿ. 'ನಿನ್ನ ಹೆಸರು ನನಗೆ ತಿಳಿದಿದೆ' ಅನ್ನುವ ಬದಲು 'ಗೊತ್ತು' ಒಂದೇ ಸಾಕು. ಕೆಟ್ಟೆ, ಬಿಟ್ಟೆ, ಸತ್ತ, ಎದ್ದೇಳು, ಇವೆಲ್ಲ ಒಳ್ಳೆ ಸರಕು.

ಇನ್ನೊಂದು, ಏಕವಚನ ಬಿಡಿ. ರೌಡಿ 'ಯಾರೋ ನೀನು' ಅಂದಾಗ ಹೀರೋನೂ 'ಲೋ' ಅಂದರೆ ಅದು ಬೀದಿ ಜಗಳ. ಬಹುವಚನದಲ್ಲಿ ತಣ್ಣಗೆ ಮಾತಾಡಿಸಿದರೆ ಬೆನ್ನಲ್ಲಿ ನೀರಿಳಿಯುತ್ತದೆ. ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು 'ಬನ್ನಿ, ಕೂತ್ಕೊಳ್ಳಿ' ಅಂದಾಗ ಆಗುತ್ತದಲ್ಲ, ಹಾಗೆ. ಎರಡನೇ ಸಲ ನಾವು ಹಳೇ ಡೈಲಾಗ್ ಕಿತ್ತು ಹಾಕಿ ಇದನ್ನು ಇಟ್ಟೆವು. ರೌಡಿ 'ಯಾರೋ ನೀನು?' ಅನ್ನುತ್ತಾನೆ. ಮೂರು ಸೆಕೆಂಡು ಏನಿಲ್ಲ. ಒಂದು ಉಸಿರು. ಆಮೇಲೆ ಹೀರೋ ಮೆತ್ತಗೆ ಕೇಳುತ್ತಾನೆ:

'ಊಟ ಆಯ್ತಾ?'

ರಿಹರ್ಸಲ್ಲಿನಲ್ಲಿ ಎಲ್ಲರೂ ನಕ್ಕೆವು. ಮೈಕಿನ ಮುಂದೆ ದನಿ ಕೆಳಗಿಟ್ಟು ಹೇಳಿಸಿದಾಗ ಯಾರೂ ನಗಲಿಲ್ಲ. ದಿನಕ್ಕೆ ಹತ್ತು ಸಲ ಕೇಳುವ ಮಾತನ್ನು ಕತ್ತಲಲ್ಲಿ ಮುಖವಿಲ್ಲದವನು ಕೇಳಿದರೆ, ಅವನಿಗೆ ಯಾವ ಆತುರವೂ ಇಲ್ಲ, ರಾತ್ರಿಯೆಲ್ಲ ಟೈಮಿದೆ ಅಂತ ಗೊತ್ತಾಗುತ್ತದೆ.

ರೆಕಾರ್ಡಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕಿಗೆ ಹತ್ತಿರ ಹೋದಷ್ಟೂ ಬೇಸ್ ಜಾಸ್ತಿಯಾಗುತ್ತದೆ. ಮೂರು ನಾಲ್ಕು ಇಂಚು ದೂರದಲ್ಲಿ ನಿಲ್ಲಿಸಿ, ಉಸಿರಿನ ಹೊಡೆತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್ ಹಾಕಿ, ಬಾಯಿಯನ್ನು ಸ್ವಲ್ಪ ಓರೆ ಇಡಿಸಿ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಮೈಕು ಢಬ್ ಅನ್ನುತ್ತದೆ. ಎರಡು ಸಲ ಹೇಳಿಸಿ: ಮುಖವಾಡ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ. ಹಾಕಿಕೊಂಡಾಗ ದವಡೆ ಅಲ್ಲಾಡುವ ರೀತಿಯೇ ಬೇರೆ, ಆ ಲಯ ನಿಮಗೆ ಬೇಕು. ತೆಗೆದಾಗ ಅಕ್ಷರ ಸ್ಪಷ್ಟ. ಎರಡನೆಯದನ್ನು ಮೊದಲನೆಯದರ ಲಯಕ್ಕೆ ಕೂರಿಸಿ. ಅದರದೇ ಒಂದು ಕಾಪಿಯನ್ನು ಎರಡು ಸೆಮಿಟೋನ್ (ಶ್ರುತಿಯ ಅರ್ಧ ಮೆಟ್ಟಿಲು) ಕೆಳಗಿಳಿಸಿ, ಕೇಳಿಯೂ ಕೇಳದ ಹಾಗೆ ಅಡಿಯಲ್ಲಿಡಿ. ಆಡಾಸಿಟಿ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಆಗುತ್ತದೆ, ದುಡ್ಡು ಬೇಡ. ನಾಲ್ಕೈದು ಸೆಮಿಟೋನ್ ಇಳಿಸಿದರೆ ಕಿಡ್ನಾಪ್ ಮಾಡಿದವನು ಫೋನ್ ಮಾಡಿದ ಹಾಗಾಗುತ್ತದೆ.

ಮಾತು ತಿಳಿಯುವುದು ವ್ಯಂಜನಗಳಿಂದ. ಅವುಗಳ ಗುರುತು ಹೆಚ್ಚಾಗಿ 2000ದಿಂದ 4000 ಹರ್ಟ್ಜ್ ಸುತ್ತ ಇರುತ್ತದೆ. ಮುಖವಾಡ ಮೊದಲು ನುಂಗುವುದೂ ಅದನ್ನೇ. ಅಲ್ಲಿ ಸ್ವಲ್ಪ ಏರಿಸಿ. ದೊಡ್ಡವರಿಗೂ ಈ ಪಾಡು ತಪ್ಪಿಲ್ಲ. 2012ರ ಬ್ಯಾಟ್‌ಮ್ಯಾನ್ ಚಿತ್ರದ ಖಳ ಬೇನ್‌ನ ಬಾಯಿಗೆ ಮುಖವಾಡವಿತ್ತು. ಮೊದಲ ತುಣುಕನ್ನು ಮುಂಚಿತವಾಗಿ ತೋರಿಸಿದಾಗ ಅವನು ಏನು ಹೇಳುತ್ತಿದ್ದಾನೋ ತಿಳಿಯುವುದಿಲ್ಲ ಅಂತ ಜನ ಗೊಣಗಿದರು. ಬಿಡುಗಡೆಯ ಹೊತ್ತಿಗೆ ಆ ದನಿಯ ಮಿಕ್ಸಿಂಗ್ ಬದಲಾಗಿತ್ತು.

ಮೈ ಒಬ್ಬರದು, ದನಿ ಇನ್ನೊಬ್ಬರದು ಆದರೂ ತಪ್ಪಿಲ್ಲ. 1977ರ ಸ್ಟಾರ್ ವಾರ್ಸ್‌ನ ಮುಖವಾಡದ ಖಳ ಡಾರ್ತ್ ವೇಡರ್ ಡ್ರೆಸ್ಸಿನೊಳಗೆ ಇದ್ದವರು ಡೇವಿಡ್ ಪ್ರೌಸ್, ಮಾತು ಜೇಮ್ಸ್ ಅರ್ಲ್ ಜೋನ್ಸ್ ಅವರದು, ಆ ಉಸಿರು ಸೌಂಡಿನ ಬೆನ್ ಬರ್ಟ್ ನೀರೊಳಗೆ ಈಜುವವರ ಉಸಿರಾಟದ ಸಾಧನದಿಂದ ಹಿಡಿದದ್ದು. ಮೂವರು ಸೇರಿ ಒಬ್ಬ. ನೆನಪಿಗೆ ಮೊದಲು ಬರುವುದು ಯಾವುದು ಹೇಳಿ, ಉಸಿರು ತಾನೇ? ಅದಕ್ಕೇ ಡೈಲಾಗಿನ ಮುಂಚಿನ ಉಸಿರನ್ನು ಅಳಿಸಬೇಡಿ.

ರೆಕಾರ್ಡಿಂಗ್ ರಾತ್ರಿ ಹನ್ನೊಂದರ ಮೇಲೆ ಇಟ್ಟುಕೊಳ್ಳಿ. ನನ್ನ ಪಕ್ಕದ ಮನೆಯ ಕುಕ್ಕರಿನ ಮೂರು ವಿಷಲ್ ಒಂದು ಒಳ್ಳೆ ಟೇಕಿನಲ್ಲಿ ಶಾಶ್ವತವಾಗಿ ಕೂತಿದೆ.

ತೆರೆಗೆ ಬರುವ ಗಳಿಗೆ

ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಗೇ ಎದುರಿಗೆ ಬರುವುದಿಲ್ಲ. ತೆರೆ ಹಿಡಿದಿರುತ್ತಾರೆ, ಮೇಲೆ ಕಿರೀಟದ ತುದಿ, ಹಿಂದೆ ಅಟ್ಟಹಾಸ. ನೋಡುವವರು ಅರ್ಧ ರಾಕ್ಷಸನನ್ನು ತಾವೇ ಕಟ್ಟಿಕೊಂಡಿರುತ್ತಾರೆ. ನೀವೂ ಹಾಗೇ ಬಚ್ಚಿಡಿ.

ನಾವು ಮಾಡಿದ್ದು ಹೀಗೆ. ಬೆಂಗಳೂರಿನ ಯಾವ ಓಣಿಯಲ್ಲೂ ರಾತ್ರಿ ನಾಯಿ ಬೊಗಳುತ್ತಲೇ ಇರುತ್ತದೆ. ಅದನ್ನು ಅಳಿಸದೆ ಬೇಕೆಂದೇ ಇಟ್ಟೆವು. ದೂರದಲ್ಲಿ ಎರಡು ಮೂರು ನಾಯಿ. ಒಂದೊಂದಾಗಿ ಸುಮ್ಮನಾಗುತ್ತವೆ. ರೌಡಿ ಬೀಡಿ ಬಾಯಿಗೆ ಇಡಲು ಹೋಗಿ ಕೈ ನಿಲ್ಲಿಸುತ್ತಾನೆ. ಬೂಟಿನ ಸದ್ದು ಎರಡೇ ಎರಡು ಹೆಜ್ಜೆ. ಕಂಬಳಿ ನೆಲಕ್ಕೆ ಉಜ್ಜುವ ಸದ್ದು. 'ಊಟ ಆಯ್ತಾ' ಬರುವಾಗ ಕ್ಯಾಮೆರಾ ಇನ್ನೂ ರೌಡಿಯ ಮುಖದ ಮೇಲೇ ಇದೆ. ಹೆದರಿಸುವ ಕೆಲಸದಲ್ಲಿ ಅರ್ಧ ಪಾಲು ಹೆದರುವವನದು, ಆ ಪಾತ್ರಕ್ಕೆ ಒಳ್ಳೆ ನಟನನ್ನೇ ಹಾಕಿ. ತುಟಿ ಕಾಣದ ಶಾಟ್ ಇದ್ದರೆ ಡಬ್ಬಿಂಗಿನಲ್ಲಿ ಡೈಲಾಗ್ ಬದಲಿಸುವ ಅವಕಾಶವೂ ಉಳಿಯುತ್ತದೆ.

ಹೀರೋಗೆ ಬೆರಳು ತೋರಿಸಿ ಮಾತಾಡಬೇಡ ಅನ್ನಿ. ಕಣ್ಣು ಮಿಟುಕಿಸುವುದು ಕಮ್ಮಿ ಮಾಡಲಿ. ಮೊದಲು ತಲೆ ನಿಧಾನಕ್ಕೆ ತಿರುಗಲಿ, ಮೈ ಆಮೇಲೆ. ಎತ್ತರ ಸಾಲದಿದ್ದರೆ ಎರಡು ಇಟ್ಟಿಗೆ ಇದ್ದೇ ಇದೆ. ಅರ್ಧ ಗಂಟೆಗೊಮ್ಮೆ ಮುಖವಾಡ ತೆಗೆಸಿ ನೀರು ಕುಡಿಸಿ. ಕಂಬಳಿ ಹೊದ್ದು ಲೈಟಿನ ಮುಂದೆ ನಿಂತವನಿಗೆ ತಲೆ ಸುತ್ತುವುದು ಬೇಗ. ಮುಖವಾಡದ ಕಣ್ಣಿನ ತೂತಿನಿಂದ ಅವನಿಗೆ ಮೆಟ್ಟಿಲು ಕಾಣುವುದಿಲ್ಲ, ಕೈ ಹಿಡಿದು ನಡೆಸಲು ಒಬ್ಬರು ಬೇಕೇ ಬೇಕು.

ಎಡಿಟ್ ಆದ ಸೀನನ್ನು ಮೊಬೈಲಿನಲ್ಲಿ ಹಾಕಿ ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. 'ಊಟ ಆಯ್ತಾ' ಬಂದಲ್ಲಿ ಹಿಂದಕ್ಕೆ ಎಳೆದು ಇನ್ನೊಮ್ಮೆ, ಮತ್ತೊಮ್ಮೆ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಮೊಬೈಲ್ ವಾಪಸ್ ಕೊಡುತ್ತಾ 'ಕಂಬಳಿ ಯಾವಾಗ ತಂದು ಕೊಡ್ತೀರೋ?' ಅಂದರು. ಹೀಟ್ ಗನ್ ತಾಗಿ ಅದರ ಒಂದು ಮೂಲೆ ಸುಟ್ಟಿದೆ. ಇನ್ನೂ ಹೇಳಿಲ್ಲ.